ಮುಂದಿನ ಕೊಲೊನೋಸ್ಕೋಪಿ ಯಾವಾಗ? ಔಷಧಿ ಕುಡಿಯುವ ರಾತ್ರಿಯಿಂದ ಬಯಾಪ್ಸಿ ರಿಪೋರ್ಟಿನವರೆಗೆ

ಕೊಲೊನೋಸ್ಕೋಪಿ ಎಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಗುದದ್ವಾರದಿಂದ ಒಳಕ್ಕೆ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ. ಅದು ಮುಗಿದು ಮಂಪರು ಇಳಿಯುತ್ತಿದ್ದಂತೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಏನಾದರೂ ಸಿಕ್ಕಿತಾ?" ಎರಡನೆಯದು, "ಮತ್ತೆ ಯಾವಾಗ ಮಾಡಿಸಬೇಕು?" ಮೊದಲನೆಯದಕ್ಕೆ ಮಂಚದ ಪಕ್ಕದಲ್ಲೇ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಅಲ್ಲಿ ಸಿಗುವ ಉತ್ತರ ಅರ್ಧ ಬೆಂದದ್ದು. ಪಾಲಿಪ್ (ಕರುಳಿನ ಒಳಗೋಡೆಯ ಉಬ್ಬು) ತೆಗೆದಿದ್ದರೆ ಅದು ಯಾವ ಜಾತಿಯದೆಂದು ಬಯಾಪ್ಸಿ, ಅಂದರೆ ತೆಗೆದ ತುಂಡಿನ ಪರೀಕ್ಷೆಯ, ರಿಪೋರ್ಟ್ ಬರುವವರೆಗೆ ಖಚಿತವಾಗಿ ಹೇಳಲಾಗದು. "ಮೂರು ವರ್ಷ ಬಿಟ್ಟು ಬನ್ನಿ" ಎಂಬ ಮಾತು ಬಾಯಿಗೆ ಸಲೀಸಾಗಿ ಬರುತ್ತದೆ. ಆ ಮೂರು ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ.

ಅದು ಮೂರು ಕಡೆಯಿಂದ ಕೂಡಿ ಬರುವ ಸಂಖ್ಯೆ. ಹಿಂದಿನ ರಾತ್ರಿ ಕುಡಿದ ಔಷಧಿ ಕರುಳನ್ನು ಎಷ್ಟು ತೊಳೆಯಿತು, ಒಳಗೆ ಕಂಡ ಪಾಲಿಪ್‌ಗಳು ಎಷ್ಟು, ಎಷ್ಟು ದೊಡ್ಡವು, ಪೂರ್ತಿ ಕೈಗೆ ಬಂದವೇ, ಮತ್ತು ಕೆಲವು ದಿನ ಕಳೆದು ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಡಿ ಏನು ನೋಡಿದರು. ಇವುಗಳಲ್ಲಿ ಒಂದು ಬದಲಾದರೂ ಹತ್ತು ವರ್ಷ ಮೂರಾಗುತ್ತದೆ, ಮೂರು ಒಂದಾಗುತ್ತದೆ. ಹಾಗಾಗಿ ಈ ಪರೀಕ್ಷೆಗೆ ಹೋಗುವವರು ಪ್ರತಿ ಹಂತದಲ್ಲೂ ಏನಾಗುತ್ತಿದೆ, ಅದು ಮುಂದಿನ ತಾರೀಕಿಗೆ ಹೇಗೆ ತಗಲಿಕೊಳ್ಳುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಅದರ ಒಳಪದರದ ಜೀವಕೋಶಗಳು ಕೆಲವೇ ದಿನ ಬದುಕಿ ಉದುರುತ್ತವೆ, ತಳದಿಂದ ಹೊಸವು ಮೇಲೇರುತ್ತವೆ. ಈ ಹುಟ್ಟು-ಸಾವಿನ ಲೆಕ್ಕ ತಪ್ಪಿದ ಜಾಗದಲ್ಲಿ ಕೋಶಗಳು ಗುಂಪುಗಟ್ಟಿ ಒಳಕ್ಕೆ ಉಬ್ಬುತ್ತವೆ. ಅದೇ ಪಾಲಿಪ್. ಕೆಲವು ಅಣಬೆಯಂತೆ ತೊಟ್ಟಿನ ಮೇಲೆ ನಿಲ್ಲುತ್ತವೆ, ಕೆಲವು ಬೊಕ್ಕೆಯಂತೆ ಅಂಟಿಕೊಂಡಿರುತ್ತವೆ, ಇನ್ನು ಕೆಲವು ಚಪ್ಪಟೆಯಾಗಿ ಹರಡಿ ಗೋಡೆಯ ಬಣ್ಣದಲ್ಲೇ ಕಲೆತುಹೋಗಿರುತ್ತವೆ. ಬಹುಪಾಲು ಪಾಲಿಪ್‌ಗಳು ಎಂದೂ ಕ್ಯಾನ್ಸರ್ ಆಗುವುದಿಲ್ಲ. ಆಗುವವೂ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಸಮಯ ತೆಗೆದುಕೊಳ್ಳುತ್ತವೆ. ವರ್ಷಗಳ ಅಂತರ ಬಿಟ್ಟು ನೋಡಿದರೂ ಸಾಕಾಗುವುದು ಈ ನಿಧಾನಗತಿಯಿಂದಲೇ.

ಹೊಟ್ಟೆ ಕೊಯ್ಯದೆ ಕೊಲೊನೋಸ್ಕೋಪ್ ಮೂಲಕವೇ ಪಾಲಿಪ್ ತೆಗೆಯುವ ಕೆಲಸ ಶುರುವಾದದ್ದು 1969ರಲ್ಲಿ, ನ್ಯೂಯಾರ್ಕಿನಲ್ಲಿ, ಹಿರೋಮಿ ಶಿನ್ಯಾ ಮತ್ತು ವಿಲಿಯಂ ವೋಲ್ಫ್ ಅವರ ಕೈಯಲ್ಲಿ. ಅದರಿಂದ ಕ್ಯಾನ್ಸರ್ ನಿಜಕ್ಕೂ ತಪ್ಪುತ್ತದೆಯೇ ಎಂಬುದಕ್ಕೆ ಗಟ್ಟಿಯಾದ ಉತ್ತರ ಬಂದದ್ದು 1993ರಲ್ಲಿ. ಅಮೆರಿಕದ ನ್ಯಾಷನಲ್ ಪಾಲಿಪ್ ಸ್ಟಡಿಯಲ್ಲಿ, ಅಡಿನೋಮ ಎಂಬ, ಮುಂದೆ ಕ್ಯಾನ್ಸರ್ ಆಗಬಲ್ಲ ಜಾತಿಯ ಪಾಲಿಪ್ ತೆಗೆಸಿಕೊಂಡವರಿಗೆ ನಿರೀಕ್ಷೆಗಿಂತ 76ರಿಂದ 90 ಪ್ರತಿಶತ ಕಡಿಮೆ ಕರುಳಿನ ಕ್ಯಾನ್ಸರ್ ಬಂದಿತ್ತು.

ಇನ್ನು ತಯಾರಿ. ಇಡೀ ಪರೀಕ್ಷೆಯಲ್ಲಿ ರೋಗಿಯ ಕೈಯಲ್ಲಿರುವ ಭಾಗ ಇದೊಂದೇ, ಹೆಚ್ಚು ಕೆಡುವುದೂ ಇಲ್ಲೇ.

ಕೆಲಸ ಒಂದು ವಾರ ಮೊದಲೇ ಶುರುವಾಗುತ್ತದೆ. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಐದರಿಂದ ಏಳು ದಿನ ಮುಂಚೆ ನಿಲ್ಲಿಸಬೇಕು. ಅದು ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡುತ್ತದೆ. ಎಷ್ಟು ನೀರು ಹಾಯಿಸಿದರೂ ಗೋಡೆ ಬಿಡುವುದಿಲ್ಲ. ರಕ್ತ ತೆಳುವಾಗಿಸುವ ಔಷಧಿಗಳದು ಬೇರೆ ಕಥೆ. ವಾರ್ಫರಿನ್ ಸಾಮಾನ್ಯವಾಗಿ ಐದು ದಿನ, ಕ್ಲೋಪಿಡೋಗ್ರೆಲ್ ಐದರಿಂದ ಏಳು ದಿನ, ಹೊಸ ತಲೆಮಾರಿನವು ಮೂತ್ರಪಿಂಡದ ಸ್ಥಿತಿ ನೋಡಿಕೊಂಡು ಒಂದೆರಡು ದಿನ ಮೊದಲು ನಿಲ್ಲುತ್ತವೆ. ಆದರೆ ಈ ನಿರ್ಧಾರ ಅದನ್ನು ಬರೆದುಕೊಟ್ಟ ವೈದ್ಯರದೇ ಆಗಬೇಕು. ಹೃದಯಕ್ಕೆ ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಮಾತ್ರೆ ಬಿಟ್ಟರೆ ಸ್ಟೆಂಟ್ ಕಟ್ಟಿಕೊಳ್ಳಬಹುದು, ಆ ಅಪಾಯ ಪಾಲಿಪ್‌ನದಕ್ಕಿಂತ ಎಷ್ಟೋ ದೊಡ್ಡದು. ಕಡಿಮೆ ಡೋಸಿನ ಆಸ್ಪಿರಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ, ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿಯುವ ಮಾತ್ರೆಗಳನ್ನು ಮೂರ್ನಾಲ್ಕು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಉಪವಾಸದ ಜೊತೆ ಸೇರಿದರೆ ರಕ್ತದಲ್ಲಿ ಕೀಟೋ ಆಮ್ಲ ಏರುವ ಭಯವಿದೆ. ಇನ್ಸುಲಿನ್ ಡೋಸನ್ನೂ ಆ ದಿನಕ್ಕೆ ಇಳಿಸಿಕೊಳ್ಳಬೇಕಾಗುತ್ತದೆ. ವಾರಕ್ಕೊಮ್ಮೆ ತೂಕ ಇಳಿಸಲು ಚುಚ್ಚಿಕೊಳ್ಳುವ ಇಂಜೆಕ್ಷನ್ ಇದ್ದರೆ ಅದನ್ನೂ ತಪ್ಪದೆ ತಿಳಿಸಿ, ಅದು ಹೊಟ್ಟೆ ಖಾಲಿಯಾಗುವುದನ್ನು ತಡಮಾಡುತ್ತದೆ.

ಹಿಂದಿನ ದಿನದ ಊಟದಲ್ಲಿ ನಾರು, ಬೀಜ, ಸಿಪ್ಪೆ ಬೇಡ. ಇದಕ್ಕೊಂದು ಸರಳ ಕಾರಣವಿದೆ. ಕೊಲೊನೋಸ್ಕೋಪಿನೊಳಗೆ ಕೊಳೆ ಹೀರಲು ಇರುವ ನಾಳ 4 ಮಿ.ಮೀ.ಗಿಂತಲೂ ಕಿರಿದು. ಒಂದು ಬೀಜವೋ ಸಿಪ್ಪೆಯ ಚೂರೋ ಅಲ್ಲಿ ಸಿಕ್ಕಿಕೊಂಡರೆ ಹೀರುವುದು ನಿಲ್ಲುತ್ತದೆ, ಉಪಕರಣ ಹೊರತೆಗೆದು ತೊಳೆಯಬೇಕು. ಭೇದಿಯ ಔಷಧಿ ಎಷ್ಟೇ ಜೋರಾಗಿದ್ದರೂ ಬೀಜವನ್ನು ಕರಗಿಸಲಾರದು.

ಔಷಧಿ ಹೆಚ್ಚಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಹಳೆಯ ಪದ್ಧತಿಯಲ್ಲಿ ನಾಲ್ಕು ಲೀಟರ್, ಈಚಿನದರಲ್ಲಿ ಎರಡು ಲೀಟರ್ ಅಥವಾ ಇನ್ನೂ ಕಡಿಮೆ. ಎರಡು ಲೀಟರಿನದು ಕುಡಿಯುವಾಗ ಅದರ ಜೊತೆ ಹೇಳಿರುವಷ್ಟು ನೀರನ್ನೂ ಬೇರೆಯಾಗಿ ಕುಡಿಯಲೇಬೇಕು. ಔಷಧಿ ಕಡಿಮೆಯಾಯಿತೆಂದು ನೀರನ್ನೂ ಕಡಿಮೆ ಮಾಡಿದರೆ ದೇಹ ಒಣಗುತ್ತದೆ, ತಲೆಸುತ್ತು ಬರುತ್ತದೆ, ಕರುಳೂ ತೊಳೆಯುವುದಿಲ್ಲ. ಈ ಪುಡಿ ಕರುಳಿನಿಂದ ರಕ್ತಕ್ಕೆ ಹೀರಿಕೊಳ್ಳುವುದಿಲ್ಲ; ತನ್ನ ನೀರನ್ನು ಹಿಡಿದುಕೊಂಡೇ ಕೆಳಗಿಳಿಯುತ್ತದೆ. ಫಾಸ್ಫೇಟ್ ಇರುವ ಔಷಧಿಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು ಅಂಗಡಿಯಲ್ಲಿ ಸಿಕ್ಕಿತೆಂದು ಅವನ್ನು ತೆಗೆದುಕೊಳ್ಳಬಾರದು.

ಈಗ ಬಹಳ ಮಂದಿ ತಪ್ಪಿಸುವ ಸಂಗತಿ. ಔಷಧಿಯನ್ನು ಎರಡು ಪಾಲು ಮಾಡಿ, ಅರ್ಧವನ್ನು ಹಿಂದಿನ ಸಂಜೆ, ಇನ್ನರ್ಧವನ್ನು ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಶುರುಮಾಡಿ, ಕನಿಷ್ಠ ಎರಡು ಗಂಟೆ ಬಾಕಿ ಇರುವಾಗ ಮುಗಿಸಬೇಕು. ಬೆಳಿಗ್ಗೆ ಎಂಟಕ್ಕೆ ಪರೀಕ್ಷೆ ಎಂದರೆ ಮೂರು ಗಂಟೆಗೆ ಏಳಬೇಕು. "ಎಲ್ಲವನ್ನೂ ರಾತ್ರಿಯೇ ಕುಡಿದು ಮಲಗಿಬಿಟ್ಟೆ, ಶುಚಿಯಾಗಿತ್ತು" ಎಂದು ಹೇಳುವವರದು ಸುಳ್ಳಲ್ಲ, ರಾತ್ರಿ ಹನ್ನೊಂದಕ್ಕೆ ನಿಜವಾಗಿಯೂ ಶುಚಿಯಾಗಿತ್ತು. ಆಮೇಲೆ ಮಲಗಿದಷ್ಟು ಹೊತ್ತೂ ಸಣ್ಣ ಕರುಳಿನಿಂದ ಪಿತ್ತ ಬೆರೆತ ಲೋಳೆ ಹರಿದು ಬರುತ್ತಲೇ ಇರುತ್ತದೆ. ಅದು ಮೊದಲು ಬೀಳುವುದು ದೊಡ್ಡ ಕರುಳಿನ ಬಲಭಾಗಕ್ಕೆ, ಅಂದರೆ ಸೀಕಮ್ ಮತ್ತು ಮೇಲೇರುವ ಭಾಗಕ್ಕೆ. ಅಲ್ಲಿ ಹಳದಿ ಅಂಟಿನ ಪದರವಾಗಿ ಕೂರುತ್ತದೆ. ಚಪ್ಪಟೆಯಾದ, ಕಣ್ತಪ್ಪಿಸುವ ಪಾಲಿಪ್‌ಗಳಿಗೆ ಇಷ್ಟವಾದ ಜಾಗವೂ ಅದೇ. ನಿದ್ದೆಗೆಡುವ ಆ ಎರಡನೆಯ ಪಾಲು ತೊಳೆಯುವುದು ಈ ಜಾಗವನ್ನು.

ಕುಡಿಯುವ ರೀತಿ ಹೀಗಿರಲಿ: ಹತ್ತು-ಹದಿನೈದು ನಿಮಿಷಕ್ಕೊಂದರಂತೆ 250 ಮಿ.ಲೀ. ಲೋಟ, ತಣ್ಣಗೆ, ಸ್ಟ್ರಾ ಹಾಕಿಕೊಂಡು, ನಾಲಿಗೆಯ ಹಿಂಭಾಗಕ್ಕೆ ಬೀಳುವಂತೆ. ಓಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಸಣ್ಣ ಗುಟುಕುಗಳಲ್ಲಿ ಮುಂದುವರಿಸಿ. ಕೆಂಪು, ನೇರಳೆ ಬಣ್ಣದ ಪಾನೀಯ ಬೇಡ, ಒಳಗೆ ಅದು ರಕ್ತದಂತೆಯೇ ಕಾಣುತ್ತದೆ. ಮೊದಲ ಭೇದಿ ಆಗುವ ಮುನ್ನವೇ ಹಿಂಭಾಗಕ್ಕೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಿ. ಉರಿ ಶುರುವಾದ ಮೇಲೆ ಹಚ್ಚಿದರೆ ಅರ್ಧ ಫಲ ಅಷ್ಟೇ. ಔಷಧಿ ಕುಡಿದು ಮೂರು ಗಂಟೆಯಾದರೂ ಏನೂ ಆಗಲಿಲ್ಲವೆಂದು ಗಾಬರಿ ಬೇಡ. ಮಲಬದ್ಧತೆ ಇರುವವರಿಗೆ ತಡವಾಗುತ್ತದೆ. ಅಂಥವರು ಮೊದಲೇ ಹೇಳಿಕೊಂಡರೆ ತಯಾರಿಯನ್ನು ಕೆಲವು ದಿನ ಮುಂಚಿತವಾಗಿ ಶುರುಮಾಡಿಸುತ್ತಾರೆ.

ಸಾಕಾಯಿತೆಂಬ ಗುರುತು: ಹೊರಬರುವುದು ಮೂತ್ರದಂತೆ ತಿಳಿ ಹಳದಿಯಾಗಿರಬೇಕು, ತಳ ಕಾಣಬೇಕು. ತಿಳಿಯಲ್ಲಿ ತೇಲುವ ಒಂದೆರಡು ಎಳೆ ಪರವಾಗಿಲ್ಲ. ಬೆಳಿಗ್ಗೆಯೂ ಕಂದು, ಬಗ್ಗಡ ಬರುತ್ತಿದ್ದರೆ ಫೋನ್ ಮಾಡಿ ಹೇಳಿ. ಇನ್ನಷ್ಟು ಔಷಧಿ ಕೊಟ್ಟು ಒಂದೆರಡು ಗಂಟೆ ಮುಂದೂಡಬಹುದು. ಸಂಕೋಚಪಟ್ಟು ಸುಮ್ಮನೆ ಬಂದು ಮಲಗಿದರೆ ಆ ದಿನದ ಶ್ರಮವೆಲ್ಲ ವ್ಯರ್ಥ.

ಏಕೆಂದರೆ ಒಳಗೆ ಹೋದ ಮೇಲೆ ಶುಚಿತ್ವಕ್ಕೆ ಅಂಕ ಹಾಕುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಬಾಸ್ಟನ್ ಅಂಕಪದ್ಧತಿ. ಕರುಳನ್ನು ಬಲ, ಮಧ್ಯ, ಎಡ ಎಂದು ಮೂರಾಗಿ ಮಾಡಿ ಪ್ರತಿ ಭಾಗಕ್ಕೆ ಸೊನ್ನೆಯಿಂದ ಮೂರು, ಒಟ್ಟು ಒಂಬತ್ತು. ಪ್ರತಿ ಭಾಗಕ್ಕೂ ಎರಡಾದರೂ ಬಂದಿರಬೇಕು. ಒಟ್ಟು ಏಳು ಬಂದಿದೆ, ಆದರೆ ಬಲಭಾಗಕ್ಕೆ ಒಂದೇ ಎಂದಾದರೆ ಅದು ಸಾಕಾದ ತಯಾರಿಯಲ್ಲ. ಆಗ ಪಾಲಿಪ್ ಸಿಗಲಿ ಬಿಡಲಿ, ಒಂದು ವರ್ಷದೊಳಗೆ ಮತ್ತೆ ಮಾಡಿಸಬೇಕು. 'ಹತ್ತು ವರ್ಷ' ಎಂಬ ಮಾತು ಸ್ವಚ್ಛವಾಗಿ ಕಂಡ ಕರುಳಿಗೆ ಮಾತ್ರ ಸಲ್ಲುತ್ತದೆ. ರಿಪೋರ್ಟಿನಲ್ಲಿ ಈ ಮೂರು ಅಂಕಗಳು ಬಿಡಿಬಿಡಿಯಾಗಿ ಬರೆದಿವೆಯೇ ನೋಡಿ. 'ತಯಾರಿ ಸಾಧಾರಣ' ಎಂಬ ಒಂದು ಪದ ಇದ್ದರೆ ಅಂಕ ಎಷ್ಟೆಂದು ಕೇಳಿ ಬರೆಸಿಕೊಳ್ಳಿ.

ಪರೀಕ್ಷೆ ಶುರುವಾಗುವುದು ಎಡಮಗ್ಗುಲಲ್ಲಿ ಮಲಗಿಸಿ, ಮೊಣಕಾಲು ಎದೆಯ ಕಡೆಗೆ ಮಡಚಿಸಿ. ಮಂಪರಿನ ಔಷಧಿ ರಕ್ತನಾಳದಲ್ಲಿ ಹೋಗುತ್ತದೆ. ಉಪಕರಣ ಹೆಬ್ಬೆರಳಿಗಿಂತ ಸಣ್ಣ. ನೋವು ಬರುವುದು ಅದರ ದಪ್ಪದಿಂದಲ್ಲ, ಗುದನಾಳಕ್ಕೆ ಸ್ವಲ್ಪ ಮೇಲೆ ಸಡಿಲವಾಗಿ ತೂಗುವ ಸಿಗ್ಮಾಯ್ಡ್ ಭಾಗದಲ್ಲಿ ಅದು ಕುಣಿಕೆಯಾಗಿ ಸುತ್ತಿಕೊಂಡು ಕರುಳನ್ನು ಎಳೆದಾಗ. ಅದಕ್ಕೇ ನರ್ಸ್ ಹೊಟ್ಟೆಯನ್ನು ಒತ್ತಿ ಹಿಡಿಯುವುದು, ಅಂಗಾತ ಹೊರಳಿಸುವುದು. ಕರುಳು ಹಿಗ್ಗಿಸಲು ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ಬಳಸಿದರೆ ಆಮೇಲಿನ ಹೊಟ್ಟೆಯುಬ್ಬರ ಎಷ್ಟೋ ಕಡಿಮೆ. ಅದು ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಟುಹೋಗುತ್ತದೆ.

ತುದಿಯವರೆಗೆ ಹೋದದ್ದಕ್ಕೆ ಸಾಕ್ಷಿ ಎರಡು ಫೋಟೋ: ಅಪೆಂಡಿಕ್ಸಿನ ಬಾಯಿ, ಮತ್ತು ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕವಾಟ. ನೋಡುವ ಕೆಲಸ ನಿಜವಾಗಿ ನಡೆಯುವುದು ಅಲ್ಲಿಂದ ಹಿಂದಕ್ಕೆ ಬರುವಾಗ. ಆ ವಾಪಸು ಪಯಣಕ್ಕೆ ಕನಿಷ್ಠ ಆರು ನಿಮಿಷ ಎಂಬುದು ಬಹುಕಾಲದ ಅಳತೆ. 2024ರಲ್ಲಿ ಅಮೆರಿಕದ ಜಠರಕರುಳು ತಜ್ಞರ ಸಂಘಗಳು ಅದನ್ನು ಎಂಟು ನಿಮಿಷಕ್ಕೆ ಏರಿಸಿವೆ. ಪಾಲಿಪ್ ತೆಗೆಯುವ ಹೊತ್ತು ಇದರಲ್ಲಿ ಸೇರುವುದಿಲ್ಲ. ಪ್ರತಿ ಮಡಿಕೆಯ ಹಿಂದೆ ಇಣುಕಿ, ನಿಂತ ನೀರನ್ನು ಹೀರಿ, ಬಲಭಾಗವನ್ನು ಎರಡನೆಯ ಸಲ ನೋಡಿ ಬರುವವರಿಗೂ ಸರ್ರನೆ ಎಳೆದುಕೊಂಡು ಬರುವವರಿಗೂ ಸಿಗುವ ಪಾಲಿಪ್‌ಗಳ ಸಂಖ್ಯೆಯಲ್ಲಿ ಬಹಳ ವ್ಯತ್ಯಾಸ. ಇದನ್ನು ಅಳೆಯಲೆಂದೇ ಅಡಿನೋಮ ಪತ್ತೆ ಪ್ರಮಾಣ ಎಂಬ ಲೆಕ್ಕವಿದೆ: ಒಬ್ಬ ವೈದ್ಯರು ನೋಡಿದ ನೂರು ಜನರಲ್ಲಿ ಎಷ್ಟು ಮಂದಿಗೆ ಕನಿಷ್ಠ ಒಂದು ಅಡಿನೋಮ ಸಿಕ್ಕಿತು ಎಂದು. 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಈ ಪ್ರಮಾಣ ಒಂದು ಅಂಶ ಏರಿದಂತೆಲ್ಲ, ಎರಡು ಪರೀಕ್ಷೆಗಳ ನಡುವೆ ಕ್ಯಾನ್ಸರ್ ಕಾಣಿಸಿಕೊಳ್ಳುವ ಅಪಾಯ 3 ಪ್ರತಿಶತ ಇಳಿದಿತ್ತು. ನಿಮ್ಮ ವೈದ್ಯರ ಪ್ರಮಾಣ ಎಷ್ಟೆಂದು ಕೇಳುವುದು ಅಧಿಕಪ್ರಸಂಗವಲ್ಲ. ಅದನ್ನು ಲೆಕ್ಕ ಇಡುವವರು ಸಂತೋಷವಾಗಿಯೇ ಹೇಳುತ್ತಾರೆ.

ಪಾಲಿಪ್ ತೆಗೆಯುವುದನ್ನು ಹತ್ತಿರದಿಂದ ನೋಡೋಣ. ಮೇಲೇರುವ ಕರುಳಿನಲ್ಲಿ ಏಳು ಮಿ.ಮೀ.ನ ಒಂದು ಉಬ್ಬು ಎಂದಿಟ್ಟುಕೊಳ್ಳಿ. ಸುತ್ತಲಿನ ಗೋಡೆ ತಿಳಿಗುಲಾಬಿ, ಅದರ ಮೇಲೆ ಸಣ್ಣ ರಕ್ತನಾಳಗಳ ಬಲೆ ಸ್ಪಷ್ಟ. ಉಬ್ಬಿನ ಅಂಚಿಗೆ ಬಂದು ಆ ಬಲೆ ತಟ್ಟನೆ ನಿಲ್ಲುತ್ತದೆ. ಗುಂಡಿ ಒತ್ತಿ ನೀಲಿ-ಹಸಿರು ಬೆಳಕಿಗೆ ಬದಲಿಸಿದರೆ ಅಡಿನೋಮವಾದರೆ ಕಂದಾಗಿ, ಮೇಲ್ಮೈ ಕೊಳವೆಕೊಳವೆಯಾಗಿ ಎದ್ದು ಕಾಣುತ್ತದೆ. ಸೆರೇಟೆಡ್ (ಸೂಕ್ಷ್ಮದರ್ಶಕದಡಿ ಗರಗಸದ ಹಲ್ಲಿನಂತೆ ಕಾಣುವ) ಜಾತಿಯದಾದರೆ ಹಾಗಲ್ಲ. ಅದು ಮಸುಕು, ಮೋಡದ ಚೂರಿನಂತೆ, ಮೇಲೊಂದು ಲೋಳೆಯ ಟೋಪಿ ಹಾಕಿಕೊಂಡಿರುತ್ತದೆ. ನೀರು ಚಿಮ್ಮಿಸಿ ಆ ಟೋಪಿ ತೆಗೆದ ಮೇಲೆಯೇ ಅಂಚು ತಿಳಿಯುವುದು. ಸ್ನೇರ್ ಎಂಬ ತಂತಿಯ ಕುಣಿಕೆಯನ್ನು ಬಿಚ್ಚಿ ಉಬ್ಬಿನ ಸುತ್ತ, ಒಂದೆರಡು ಮಿ.ಮೀ. ಆರೋಗ್ಯವಂತ ಅಂಚೂ ಸೇರುವಂತೆ ಕೂರಿಸಿ, ನಿಧಾನವಾಗಿ ಬಿಗಿಯುತ್ತಾರೆ. ವಿದ್ಯುತ್ ಕೊಡದೆಯೇ ಕತ್ತರಿಸುತ್ತದೆ. ಕೆಂಪಗೆ ಪುಟ್ಟ ಬಟ್ಟಲಿನಾಕಾರದ ಗಾಯ ಉಳಿದು, ರಕ್ತ ಒಸರಿ, ಬಹುತೇಕ ತಾನಾಗಿ ನಿಲ್ಲುತ್ತದೆ. ತುಂಡನ್ನು ಅದೇ ಕಿರಿದಾದ ನಾಳದಿಂದ ಹೀರಿ ಜಾಲರಿಯ ಡಬ್ಬಿಗೆ ಬೀಳಿಸುತ್ತಾರೆ. ತುಂಡು ಕಳೆದುಹೋದರೆ ಅದರ ಜಾತಿ ತಿಳಿಯದು, ಮುಂದಿನ ತಾರೀಕಿನ ಲೆಕ್ಕಕ್ಕೆ ಆಧಾರವೇ ತಪ್ಪುತ್ತದೆ. ರಿಪೋರ್ಟಿನಲ್ಲಿ 'ತೆಗೆಯಲಾಯಿತು' ಎಂದಷ್ಟೇ ಅಲ್ಲ, 'ಹೊರತರಲಾಯಿತು' ಎಂದೂ ಇರಬೇಕು.

ಮೂರು ಮಿ.ಮೀ. ಒಳಗಿನವನ್ನು ಚಿಮಟದಿಂದ ಕಿತ್ತರೆ ಆದೀತು. ಅದಕ್ಕಿಂತ ದೊಡ್ಡದನ್ನು ಚಿಮಟದಲ್ಲಿ ಕಚ್ಚಿ ಕಚ್ಚಿ ತೆಗೆದರೆ ಬುಡ ಉಳಿಯುತ್ತದೆ. ತೊಟ್ಟಿರುವ ದೊಡ್ಡ ಪಾಲಿಪ್‌ಗಳಿಗೆ ವಿದ್ಯುತ್ ಹಾಯಿಸಿದ ಬಿಸಿ ಸ್ನೇರ್. ಎರಡು ಸೆಂ.ಮೀ. ಮೀರಿದ ಚಪ್ಪಟೆ ಪಾಲಿಪ್ ಆದರೆ ಅದರ ಅಡಿಗೆ ನೀಲಿ ಬಣ್ಣ ಬೆರೆಸಿದ ದ್ರವ ಚುಚ್ಚಿ, ದಿಂಬಿನಂತೆ ಮೇಲೆತ್ತಿ, ತುಂಡು ತುಂಡಾಗಿ ಕತ್ತರಿಸುತ್ತಾರೆ. ಚುಚ್ಚಿದರೂ ಅದು ಮೇಲೇಳದಿದ್ದರೆ ಬುಡ ಆಳಕ್ಕೆ ಇಳಿದಿರಬಹುದೆಂಬ ಎಚ್ಚರಿಕೆ. ಹಿಂದೆ ಯಾರಾದರೂ ಅರ್ಧ ಕತ್ತರಿಸಿ ಬಿಟ್ಟಿದ್ದರೂ ಗಾಯದ ಕಲೆಯಿಂದಾಗಿ ಮೇಲೇಳುವುದಿಲ್ಲ. ಅದಕ್ಕೇ ದೊಡ್ಡ ಪಾಲಿಪ್ ಅನಿರೀಕ್ಷಿತವಾಗಿ ಕಂಡಾಗ, ಅದರಲ್ಲಿ ಪಳಗಿಲ್ಲದವರು ಫೋಟೋ ತೆಗೆದು ಅದನ್ನು ಮುಟ್ಟದೆ ಹೊರಬಂದು, ಪಳಗಿದವರ ಬಳಿ ಕಳಿಸುವುದೇ ಸರಿಯಾದ ಕೆಲಸ. ರೋಗಿಗೆ ಎರಡನೆಯ ಸಲ ಔಷಧಿ ಕುಡಿಯುವ ಕಷ್ಟ ನಿಜ, ಆದರೂ ಅದೇ ಸರಿ. ಗಾಯ ಮುಚ್ಚಲು ಲೋಹದ ಕ್ಲಿಪ್ ಹಾಕಿದ್ದರೆ ಅದನ್ನು ನೆನಪಿಟ್ಟು, ಮುಂದೆ ಎಂಆರ್‌ಐ ಮಾಡಿಸುವಾಗ ಹೇಳಬೇಕು.

ಅಪಾಯಗಳ ಬಗ್ಗೆ ಮುಚ್ಚುಮರೆ ಬೇಡ. ತಪಾಸಣೆಗೆಂದು ಮಾಡಿದ ಹತ್ತು ಸಾವಿರ ಕೊಲೊನೋಸ್ಕೋಪಿಗಳಲ್ಲಿ ಕರುಳು ತೂತಾಗುವುದು ಮೂರ್ನಾಲ್ಕರಲ್ಲಿ, ಆಸ್ಪತ್ರೆ ಸೇರಬೇಕಾದಂಥ ರಕ್ತಸ್ರಾವ ಸುಮಾರು ಎಂಟರಿಂದ ಹದಿನೈದರಲ್ಲಿ. ದೊಡ್ಡ ಪಾಲಿಪ್ ತೆಗೆದಾಗ ಇದು ಹೆಚ್ಚು. ರಕ್ತ ಅಂದೇ ಬರಬೇಕೆಂದಿಲ್ಲ, ಬಿಸಿ ಸ್ನೇರಿನ ಗಾಯದ ಹಕ್ಕಳೆ ಉದುರುವ ಹೊತ್ತಿಗೆ, ಎರಡು ವಾರದವರೆಗೂ ಬರಬಹುದು. ಕಾಗದದ ಮೇಲೆ ಒಂದು ಗೆರೆಯಷ್ಟು ರಕ್ತ ಕಂಡರೆ ಕಾಯಬಹುದು. ಮತ್ತೆ ಮತ್ತೆ ಗಡ್ಡೆಗಟ್ಟಿದ ರಕ್ತ ಹೋದರೆ, ತಲೆ ಸುತ್ತಿದರೆ, ಹೊಟ್ಟೆ ಬಿಗಿದು ನೋವು ಏರುತ್ತಲೇ ಹೋದರೆ, ಜ್ವರ ಬಂದರೆ ಕೂಡಲೇ ಹೋಗಬೇಕು. ಮಂಪರಿನ ಔಷಧಿ ಪಡೆದವರು ಮರುದಿನದವರೆಗೆ ವಾಹನ ಓಡಿಸಬಾರದು.

ಕೆಲವು ದಿನಗಳಲ್ಲಿ ಬಯಾಪ್ಸಿ ರಿಪೋರ್ಟ್ ಬರುತ್ತದೆ. ಅದರಲ್ಲಿ ಬಹಳ ಮಂದಿ ಬೆಚ್ಚಿಬೀಳುವ ಸಾಲು ಒಂದಿದೆ: 'ಟ್ಯೂಬ್ಯುಲರ್ ಅಡಿನೋಮ, ಲೋ ಗ್ರೇಡ್ ಡಿಸ್‌ಪ್ಲಾಸಿಯ'. ಡಿಸ್‌ಪ್ಲಾಸಿಯ ಎಂದರೆ ಕೋಶಗಳ ರಚನೆ ಕ್ರಮ ತಪ್ಪಿರುವುದು. ಅಡಿನೋಮ ಎಂದು ಕರೆಯಬೇಕಾದರೆ ಅಷ್ಟು ಇರಲೇಬೇಕು, ಅದು ಆ ಪದದ ಅರ್ಥದೊಳಗೇ ಇದೆ. ಎದೆ ಒಡೆದುಕೊಳ್ಳುವ ಸಾಲು ಅದಲ್ಲ. 'ಹೈ ಗ್ರೇಡ್' ಎಂದಿದ್ದರೆ, 'ವಿಲ್ಲಸ್' (ಕೊಳವೆಯಂಥ ರಚನೆಯ ಬದಲು ಬೆರಳಿನಂಥ ಚಾಚುಗಳು) ಅಥವಾ 'ಟ್ಯೂಬ್ಯುಲೋವಿಲ್ಲಸ್' (ಎರಡೂ ಬೆರೆತದ್ದು) ಎಂದಿದ್ದರೆ ತಾರೀಕು ಹತ್ತಿರ ಬರುತ್ತದೆ. 'ಹೈಪರ್‌ಪ್ಲಾಸ್ಟಿಕ್' ಎಂದು ಗುದನಾಳದ ಬಳಿಯ ಸಣ್ಣ ಪಾಲಿಪ್‌ಗೆ ಬರೆದಿದ್ದರೆ ಅದು ನಿರುಪದ್ರವಿ. 'ಸೆಸೈಲ್ ಸೆರೇಟೆಡ್ ಲೀಶನ್' ಎಂದಿದ್ದರೆ ಅದು ಅಡಿನೋಮದ ಹಾದಿಯಲ್ಲದ ಇನ್ನೊಂದು ಹಾದಿಯಿಂದ ಕ್ಯಾನ್ಸರಿನತ್ತ ಹೋಗಬಲ್ಲ ಜಾತಿ.

ಈ ಕಾಗದದಲ್ಲಿ ಗಾತ್ರ ನೋಡಬೇಡಿ. ಫಾರ್ಮಲಿನ್‌ನಲ್ಲಿ ತುಂಡು ಕುಗ್ಗುತ್ತದೆ, ಹೀರುವಾಗ ಒಡೆದಿರುತ್ತದೆ. ಗಾತ್ರಕ್ಕೆ ಕೊಲೊನೋಸ್ಕೋಪಿ ರಿಪೋರ್ಟೇ ಆಧಾರ, ಅದೂ ಬಿಚ್ಚಿದ ಸ್ನೇರ್ ಪಕ್ಕದಲ್ಲಿಟ್ಟು ಅಳೆದಿದ್ದರೆ ಚೆನ್ನ. 9 ಮಿ.ಮೀ. ಎಂದು ಬರೆಯುವುದಕ್ಕೂ 10 ಎಂದು ದುಂಡಗೆ ಬರೆಯುವುದಕ್ಕೂ ಕೈಬರಹದಲ್ಲಿ ಕೂದಲೆಳೆಯ ಅಂತರ. ಮುಂದಿನ ತಾರೀಕಿನಲ್ಲಿ ಅದು ಏಳು ವರ್ಷದ ಅಂತರವಾಗಬಹುದು.

ಈಗ ಲೆಕ್ಕ ಹಾಕಬಹುದು. ಕರುಳಿನ ಕ್ಯಾನ್ಸರ್ ಕುರಿತ ಅಮೆರಿಕದ ತಜ್ಞಸಂಘಗಳ ಜಂಟಿ ಕಾರ್ಯಪಡೆ 2020ರಲ್ಲಿ ಕೊಟ್ಟ ಶಿಫಾರಸು ಹೀಗಿದೆ. ಕರುಳು ಶುಚಿಯಾಗಿದ್ದು, ತುದಿಯವರೆಗೆ ನೋಡಿ, ಏನೂ ಸಿಗದಿದ್ದರೆ ಹತ್ತು ವರ್ಷ. 10 ಮಿ.ಮೀ. ಒಳಗಿನ ಟ್ಯೂಬ್ಯುಲರ್ ಅಡಿನೋಮ ಒಂದೋ ಎರಡೋ ಇದ್ದರೆ ಏಳರಿಂದ ಹತ್ತು ವರ್ಷ. ಮೊದಲು ಇದಕ್ಕೆ ಐದರಿಂದ ಹತ್ತು ವರ್ಷ ಎನ್ನುತ್ತಿದ್ದರು. ಇಂಥವರಿಗೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಪಾಲಿಪ್ಪೇ ಇಲ್ಲದವರಷ್ಟೇ ಕಡಿಮೆ ಎಂದು ಕಂಡುಬಂದದ್ದರಿಂದ ಅಂತರ ಹಿಗ್ಗಿತು. ಮೂರ್ನಾಲ್ಕು ಇದ್ದರೆ ಮೂರರಿಂದ ಐದು ವರ್ಷ. ಐದರಿಂದ ಹತ್ತು ಇದ್ದರೆ, ಅಥವಾ ಒಂದೇ ಇದ್ದರೂ 10 ಮಿ.ಮೀ. ಮುಟ್ಟಿದ್ದರೆ, ವಿಲ್ಲಸ್ ಗುಣವಿದ್ದರೆ, ಹೈ ಗ್ರೇಡ್ ಆಗಿದ್ದರೆ ಮೂರು ವರ್ಷ. ಹತ್ತು ಮೀರಿದರೆ ಒಂದು ವರ್ಷ, ಜೊತೆಗೆ ವಂಶವಾಹಿ ಪರೀಕ್ಷೆಯ ಮಾತೂ ಆಡಬೇಕು. ಸೆಸೈಲ್ ಸೆರೇಟೆಡ್ ಸಣ್ಣವು ಒಂದೆರಡಾದರೆ ಐದರಿಂದ ಹತ್ತು ವರ್ಷ, 10 ಮಿ.ಮೀ. ಮುಟ್ಟಿದ್ದರೆ ಅಥವಾ ಅದರಲ್ಲಿ ಡಿಸ್‌ಪ್ಲಾಸಿಯ ಕಂಡಿದ್ದರೆ ಮೂರು. ಎರಡು ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡದನ್ನು ತುಂಡುತುಂಡಾಗಿ ತೆಗೆದಿದ್ದರೆ ಆರು ತಿಂಗಳು. ಇದು ಹೊಸ ಪಾಲಿಪ್ ಹುಡುಕಲು ಅಲ್ಲ, ಆ ಕಲೆಯ ಅಂಚಿನಲ್ಲಿ ಚೂರೇನಾದರೂ ಮತ್ತೆ ಚಿಗುರಿದೆಯೇ ಎಂದು ನೋಡಲು.

ಯುರೋಪಿನ ತಜ್ಞರ ಸಂಘ ಅದೇ 2020ರಲ್ಲಿ ಇನ್ನೂ ಸಡಿಲ ಬಿಟ್ಟಿತು. 10 ಮಿ.ಮೀ. ಒಳಗಿನ, ಲೋ ಗ್ರೇಡಿನ ಅಡಿನೋಮ ನಾಲ್ಕರವರೆಗೂ ಇದ್ದರೆ ವಿಶೇಷ ನಿಗಾ ಬೇಡ, ಎಲ್ಲರಂತೆ ಸಾಮಾನ್ಯ ತಪಾಸಣೆಗೆ ಬಂದರೆ ಸಾಕು ಎಂದಿತು. ವಿಲ್ಲಸ್ ಗುಣವನ್ನೂ ಆ ಗಾತ್ರದಲ್ಲಿ ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಗಾಗಿ ಒಂದೇ ರಿಪೋರ್ಟ್ ಹಿಡಿದು ಇಬ್ಬರು ವೈದ್ಯರ ಬಳಿ ಹೋದರೆ ಎರಡು ಸಂಖ್ಯೆ ಕೇಳಿಬರಬಹುದು. ಇಬ್ಬರೂ ಸರಿಯಾಗಿರಬಹುದು. ಯಾವ ಶಿಫಾರಸಿನ ಪ್ರಕಾರ ಎಂದು ಕೇಳಿಕೊಂಡರೆ ಗೊಂದಲ ಬಗೆಹರಿಯುತ್ತದೆ.

ಒಬ್ಬರದೇ ರಿಪೋರ್ಟನ್ನು ಮೂರು ಬಗೆಯಲ್ಲಿ ಊಹಿಸಿ ನೋಡಿ. 4 ಮಿ.ಮೀ. ಮತ್ತು 6 ಮಿ.ಮೀ.ನ ಎರಡು ಟ್ಯೂಬ್ಯುಲರ್ ಅಡಿನೋಮ, ಅಂಕ ಮೂರು-ಮೂರು-ಮೂರು: ಏಳರಿಂದ ಹತ್ತು ವರ್ಷ. ಅದೇ ಎರಡರ ಜೊತೆ 12 ಮಿ.ಮೀ.ನ ಇನ್ನೊಂದು: ಮೂರು ವರ್ಷ. ಅದೇ ಎರಡೇ, ಆದರೆ ಬಲಭಾಗದ ಅಂಕ ಒಂದು: ವರ್ಷದೊಳಗೆ. ಕೊನೆಯದರಲ್ಲಿ ಅಂತರ ಕುಗ್ಗಿಸಿದ್ದು ಪಾಲಿಪ್ ಅಲ್ಲ, ಮೂರು ಗಂಟೆಗೆ ಏಳದ ಬೆಳಗು.

ಭಯಕ್ಕೆ ಅವಧಿಗೆ ಮೊದಲೇ ಓಡಿಬರುವವರು ಬಹಳ. ಎರಡು ಸಣ್ಣ ಅಡಿನೋಮಕ್ಕೆ ಎರಡು ವರ್ಷಕ್ಕೇ ಮತ್ತೊಮ್ಮೆ ಮಾಡಿಸುವುದರಿಂದ ಹೆಚ್ಚಿನ ರಕ್ಷಣೆ ಸಿಗುವುದಿಲ್ಲ, ತೂತು ಮತ್ತು ರಕ್ತಸ್ರಾವದ ಅಪಾಯ ಮಾತ್ರ ಪ್ರತಿ ಸಲ ಹೊಸದಾಗಿ ಎದುರಾಗುತ್ತದೆ. ಇನ್ನೊಂದು ಕಡೆ, 15 ಮಿ.ಮೀ.ನದು ತೆಗೆಸಿಕೊಂಡು "ತೆಗೆದಾಯಿತಲ್ಲ" ಎಂದು ಎಂಟು ವರ್ಷ ಸುಳಿಯದವರೂ ಇದ್ದಾರೆ. ನಮಗೆ ಚಿಂತೆ ಹೆಚ್ಚು ಈ ಎರಡನೆಯವರದು.

ಎರಡನೆಯ ಸಲದ ಲೆಕ್ಕ ಹಿಂದಿನದನ್ನೂ ನೆನಪಿಟ್ಟುಕೊಳ್ಳುತ್ತದೆ. ಮೊದಲ ಸಲ ಸಣ್ಣವು ನಾಲ್ಕರವರೆಗೆ ಇದ್ದು, ಎರಡನೆಯ ಸಲ ಏನೂ ಇಲ್ಲದಿದ್ದರೆ ಹತ್ತು ವರ್ಷ. ಮೊದಲ ಸಲ 10 ಮಿ.ಮೀ. ಮುಟ್ಟಿದ ಅಡಿನೋಮ ಇದ್ದು, ಈಗ ಏನೂ ಇಲ್ಲದಿದ್ದರೆ ಐದು ವರ್ಷ. ಹಳೆಯ ಕಾಗದ ಕಳೆದವರಿಗೆ ಈ ಲಾಭ ಸಿಗುವುದಿಲ್ಲ, ಅಂದಾಜಿನಲ್ಲಿ ಹತ್ತಿರದ ತಾರೀಕೇ ಸಿಗುತ್ತದೆ. ಕೊಲೊನೋಸ್ಕೋಪಿ ರಿಪೋರ್ಟ್ ಮತ್ತು ಬಯಾಪ್ಸಿ ರಿಪೋರ್ಟ್ ಎರಡರ ಫೋಟೋವನ್ನೂ ಮೊಬೈಲಿನಲ್ಲಿ ಒಟ್ಟಿಗೆ ಇಟ್ಟುಕೊಳ್ಳಿ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನ ಕಡಿಮೆ.

ಮೊದಲ ಪರೀಕ್ಷೆ ಯಾವಾಗ ಎಂಬುದಕ್ಕೆ, ವಿಶೇಷ ಅಪಾಯವಿಲ್ಲದವರಿಗೆ ಅಮೆರಿಕದ ಶಿಫಾರಸು 2021ರಿಂದ 45 ವರ್ಷ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಒಬ್ಬರಿಗೆ 60 ತುಂಬುವ ಮೊದಲೇ ಕರುಳಿನ ಕ್ಯಾನ್ಸರ್ ಬಂದಿದ್ದರೆ, 40ಕ್ಕೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಬೇಗವೋ ಆಗ ಶುರುಮಾಡಿ ಐದು ವರ್ಷಕ್ಕೊಮ್ಮೆ. ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ದೋಷವಿದ್ದವರಿಗೆ ಒಂದೆರಡು ವರ್ಷಕ್ಕೊಮ್ಮೆ, ಹೆಚ್ಚಿನವರಲ್ಲಿ ಇಪ್ಪತ್ತರ ಹರೆಯದಿಂದಲೇ. ದೊಡ್ಡ ಕರುಳಿನ ಬಹುಭಾಗಕ್ಕೆ ಹುಣ್ಣಿನ ಉರಿಯೂತ ಹರಡಿದವರಿಗೆ ಕಾಯಿಲೆ ಶುರುವಾಗಿ ಎಂಟು ವರ್ಷಕ್ಕೆ. ಇವರೆಲ್ಲರಿಗೂ ಮೇಲೆ ಹೇಳಿದ ಪಾಲಿಪ್ ಲೆಕ್ಕ ಅನ್ವಯಿಸುವುದಿಲ್ಲ, ಅವರದೇ ಬಿಗಿಯಾದ ವೇಳಾಪಟ್ಟಿ ಇದೆ. 75 ದಾಟಿದ ಮೇಲೆ ಮುಂದುವರಿಸಬೇಕೆ ಎಂಬುದು ಆರೋಗ್ಯ ನೋಡಿ, ಹಿಂದಿನ ರಿಪೋರ್ಟ್ ನೋಡಿ, ಕೂತು ಮಾತಾಡಿ ತೀರ್ಮಾನಿಸುವ ವಿಷಯ. 85ರ ನಂತರ ತಪಾಸಣೆಗೆಂದು ಮಾಡುವುದಿಲ್ಲ.

ಮಲದಲ್ಲಿ ರಕ್ತ ಹುಡುಕುವ ವಾರ್ಷಿಕ ಪರೀಕ್ಷೆ ಸಾಮಾನ್ಯ ಅಪಾಯದವರಿಗೆ ಒಳ್ಳೆಯ ದಾರಿ. ಅದು ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ಆಗಲೇಬೇಕು. ಮೂಲವ್ಯಾಧಿ ಇದೆಯೆಂದೋ, ಮತ್ತೊಮ್ಮೆ ಮಾಡಿಸಿದಾಗ ನೆಗೆಟಿವ್ ಬಂತೆಂದೋ ಬಿಡುವಂತಿಲ್ಲ. ಆದರೆ ದೊಡ್ಡ ಅಡಿನೋಮ ತೆಗೆಸಿಕೊಂಡು ಮೂರು ವರ್ಷದ ನಿಗಾದಲ್ಲಿರುವವರು ಕೊಲೊನೋಸ್ಕೋಪಿಯ ಬದಲಿಗೆ ಅದನ್ನು ಮಾಡಿಸಿ ಸಮಾಧಾನಪಟ್ಟುಕೊಳ್ಳಬಾರದು. ಸಣ್ಣ ಅಡಿನೋಮಗಳಲ್ಲಿ ರಕ್ತ ಒಸರುವುದೇ ಅಪರೂಪ, ಸೆರೇಟೆಡ್ ಜಾತಿಯವುಗಳಲ್ಲಿ ಇನ್ನೂ ಅಪರೂಪ.

ಕೊನೆಗೆ, ಈ ತಾರೀಕುಗಳೆಲ್ಲ ಏನೂ ತೊಂದರೆ ಇಲ್ಲದವರಿಗೆ. ನಡುವೆ ಮಲದಲ್ಲಿ ರಕ್ತ ಕಂಡರೆ, ವಾರಗಟ್ಟಲೆ ಮಲವಿಸರ್ಜನೆಯ ರೀತಿ ಬದಲಾಗಿಯೇ ಉಳಿದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ, "ನನಗೆ ಇನ್ನೂ ಆರು ವರ್ಷ ಬಾಕಿ ಇದೆ" ಎಂದು ಕೂರಬೇಡಿ. ಆ ವಾರವೇ ವೈದ್ಯರಿಗೆ ತೋರಿಸಿ, ಹೋಗುವಾಗ ಆ ಎರಡು ಕಾಗದಗಳ ಫೋಟೋ ತೋರಿಸಿ.